ಮೂರಡಿಯೊಳಗೆ ಒಂದು ಕೋಟಿ

ಬಾದಾಮಿ ಇರುವುದು ಸುಮಾರು 15.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದಲ್ಲೊಮ್ಮೆ, ನಡುಹಗಲ ಸೂರ್ಯ ಸರಿಯಾಗಿ ನೆತ್ತಿಗೇ ಬಂದು ನಿಲ್ಲುತ್ತಾನೆ. ಕಂಬದ ನೆರಳು ಬುಡ ಬಿಟ್ಟು ಆಚೆ ಬೀಳುವುದಿಲ್ಲ. ಮೇ ತಿಂಗಳ ಅಂಥದೊಂದು ಮಧ್ಯಾಹ್ನ ಬನಶಂಕರಿ ಗುಡಿಯ ಮುಂದೆ ಹೊಸ ಕಾರೊಂದು ಪೂಜೆಗೆ ನಿಂತಿದೆ ಎಂದುಕೊಳ್ಳಿ. ಬಾನೆಟ್ ಮೇಲೆ ಕುಂಕುಮದ ಸ್ವಸ್ತಿಕ, ಅಡ್ಡಡ್ಡ ಚೆಂಡುಹೂವಿನ ಮಾಲೆ, ನಾಲ್ಕೂ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಕಾರಿನ ಬಣ್ಣ ಬಿಳಿ. ನಮ್ಮ ಕಡೆ ಹೊಸ ಕಾರೆಂದರೆ ಬಹುಪಾಲು ಬಿಳಿಯೇ. ಮನೆಮಂದಿಯೆಲ್ಲ ಸಾಲಾಗಿ ನಿಂತು ಫೋಟೋಕ್ಕೆ ಕಾಯುತ್ತಿದ್ದಾರೆ.

ಫೋಟೋ ಬಂದಾಗ ಬಾನೆಟ್ ಸುಣ್ಣದ ಗೋಡೆಯಾಗಿರುತ್ತದೆ, ಇಲ್ಲವೇ ಗಾಲಿಗಳಿದ್ದ ಜಾಗದಲ್ಲಿ ನಾಲ್ಕು ಕಪ್ಪು ತೂತುಗಳಿರುತ್ತವೆ. ಸ್ಟುಡಿಯೋದವರು ‘ಬರ್ನ್ ಆಗೇತ್ರಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ತಪ್ಪು ಅವರದಲ್ಲ. ಆ ಕಾರಿನ ಮೇಲಿರುವ ಬೆಳಕಿನ ಲೆಕ್ಕ ಹಾಕಿದರೆ ಫೋಟೋ ಅಷ್ಟಾದರೂ ಬಂತಲ್ಲ ಎನ್ನಿಸುತ್ತದೆ.

ಬಯಲಿನಲ್ಲಿ ನಡುಹಗಲ ಬಿಸಿಲು, ಬೀಳುವ ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ, ಸುಮಾರು 1 ಲಕ್ಷ. ನಮ್ಮ ಮನೆಯ ಟ್ಯೂಬ್‌ಲೈಟಿನ ಕೆಳಗೆ ಅದು ಇನ್ನೂರೋ ಮುನ್ನೂರೋ ಇರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಗಾಲಿಯ ಗೂಡಿನೊಳಕ್ಕೆ ನೇರ ಬಿಸಿಲು ಹೋಗುವುದಿಲ್ಲ, ನೆಲಕ್ಕೆ ಬಡಿದು ಮೇಲೆದ್ದ ಬೆಳಕಷ್ಟೇ ಗತಿ. ಅದನ್ನು 500 ಲಕ್ಸ್ ಎಂದು ಹಿಡಿಯೋಣ. ಟೈರಿನ ಕಪ್ಪು ರಬ್ಬರು ತನ್ನ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಪ್ರಖರತೆಯನ್ನು ಅಳೆಯುವುದು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು. ಆ ಲೆಕ್ಕದಲ್ಲಿ ಟೈರಿಗೆ ಸಿಗುವ ಅಂಕ ಸುಮಾರು 6.4. ಅದೇ ಹೊತ್ತಿನಲ್ಲಿ ಬಿಸಿಲುಣ್ಣುವ ಬಿಳಿ ಬಾನೆಟ್ಟಿನದು ಸುಮಾರು 25,000. ಇಷ್ಟಕ್ಕೇ 4,000 ಪಟ್ಟು ವ್ಯತ್ಯಾಸವಾಯಿತು.

ಆದರೆ ಕಾರು ಬರೀ ಬಿಳಿ ವಸ್ತುವಲ್ಲ, ಹೊಳೆಯುವ ವಸ್ತು. ಬಾನೆಟ್ಟಿನ ಬಾಗಿನಲ್ಲಿ ಕಣ್ಣು ಕುಕ್ಕುವ ಒಂದು ಚುಕ್ಕೆ ಇರುತ್ತದಲ್ಲ, ಅದು ಸಾಕ್ಷಾತ್ ಸೂರ್ಯನ ಪ್ರತಿಬಿಂಬ. ಸೂರ್ಯಬಿಂಬದ ಪ್ರಖರತೆ ಸುಮಾರು 160 ಕೋಟಿ ಕ್ಯಾಂಡೆಲಾ. ಬಣ್ಣದ ಮೇಲಿರುವ ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್, ಕಿಟಕಿಯ ಗಾಜಿನ ಮೈಯಂತೆ ಎದುರು ಬಂದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಉಳಿದ ಶೇ 96 ಹೋದರೂ ಆ ಚುಕ್ಕೆಯ ಪ್ರಖರತೆ 6 ಕೋಟಿ 40 ಲಕ್ಷ. ಇದನ್ನು ಟೈರಿನ 6.4ರಿಂದ ಭಾಗಿಸಿ ನೋಡಿ. ಒಂದು ಕೋಟಿ!

ಬಾನೆಟ್ಟಿನ ಚುಕ್ಕೆಯಿಂದ ಗಾಲಿಯ ಗೂಡಿಗೆ ಮೂರಡಿ ದೂರವಿದ್ದರೆ ಹೆಚ್ಚು. ಆ ಮೂರಡಿಯಲ್ಲಿ ಬೆಳಕು ಕೋಟಿಯಿಂದ ಒಂದಕ್ಕೆ ಇಳಿದಿರುತ್ತದೆ. ಹುಣ್ಣಿಮೆಯ ಚಂದ್ರನಿಗಿಂತ ಸೂರ್ಯ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ಅಂದರೆ ಈ ಮೂರಡಿ, ಉರಿಬಿಸಿಲಿನಿಂದ ಬೆಳದಿಂಗಳಿಗೆ ಇಳಿದು, ಅಲ್ಲಿಂದಲೂ 25 ಪಟ್ಟು ಕತ್ತಲೆಗೆ ಹೋದಷ್ಟು ಆಳ.

ಬಾದಾಮಿಯಲ್ಲಿ ಕತ್ತಲೆ-ಬೆಳಕಿನ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ಗುಹೆಗಳು. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಹಾಕಿಸಿದ ಶಾಸನವಿದೆ, ಶಕ 500, ಅಂದರೆ ಕ್ರಿ.ಶ. 578. ಬಂಡೆಯೊಳಕ್ಕೆ ಸುಮಾರು 15 ಮೀಟರ್ ಕೊರೆದ ಆ ಮಂಟಪದ ಒಳಗೋಡೆಗೆ 10 ಲಕ್ಸ್ ಬೆಳಕು ಎಂದುಕೊಂಡರೆ, ಹೊರಗೆ ಬಿಸಿಲಲ್ಲಿ ಕಾದ ಕೆಂಪು ಬಂಡೆಗೂ ಅದಕ್ಕೂ ಇರುವ ಅಂತರ 10,000 ಪಟ್ಟು. ಹದಿನಾಲ್ಕು ಶತಮಾನದ ಗುಹೆಗಿಂತ ಮೊನ್ನೆ ಶೋರೂಮಿನಿಂದ ಬಂದ ಕಾರು ಕ್ಯಾಮೆರಾಕ್ಕೆ ಸಾವಿರ ಪಟ್ಟು ಕಠಿಣ ಎಂದರೆ ಗುಹೆ ನೋಡಲು ಬಂದವರು ನಂಬಲಿಕ್ಕಿಲ್ಲ.

ಛಾಯಾಗ್ರಾಹಕರು ಈ ದೊಡ್ಡ ಸಂಖ್ಯೆಗಳನ್ನು ಸ್ಟಾಪ್‌ಗಳಲ್ಲಿ ಎಣಿಸುತ್ತಾರೆ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ಎರಡನ್ನು 23 ಸಲ ಗುಣಿಸಿದರೆ 83,88,608. ಹಾಗಾಗಿ ನಮ್ಮ ಒಂದು ಕೋಟಿ 23 ಸ್ಟಾಪ್ ದಾಟಿತು. ಇಂದಿನ ಒಳ್ಳೆಯ ಫುಲ್‌ಫ್ರೇಮ್ ಕ್ಯಾಮೆರಾ ಒಂದು ಕ್ಲಿಕ್ಕಿನಲ್ಲಿ ಹಿಡಿಯುವುದು ಸುಮಾರು 14 ಸ್ಟಾಪ್, ಅಂದರೆ 16,384 ಪಟ್ಟು. ಕಾರು ಕೇಳುವುದು ಅದರ 600 ಪಟ್ಟಿಗೂ ಮಿಗಿಲು.

ಆ 14 ಸ್ಟಾಪ್‌ನಲ್ಲೂ ಒಂದು ಮೋಸವಿದೆ. 14 ಬಿಟ್‌ನ ರಾ ಫೈಲಿನಲ್ಲಿ (ಸಂಸ್ಕರಿಸದ ಮೂಲ ಚಿತ್ರದಲ್ಲಿ) ಬೆಳಕಿನ ಮೆಟ್ಟಿಲುಗಳು 16,384. ಇವು ಎಲ್ಲ ಸ್ಟಾಪ್‌ಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಎಲ್ಲಕ್ಕಿಂತ ಬೆಳಕಿನ ಸ್ಟಾಪ್ ಒಂದೇ ಅರ್ಧದಷ್ಟನ್ನು, 8,192 ಮೆಟ್ಟಿಲುಗಳನ್ನು ನುಂಗುತ್ತದೆ. ಮುಂದಿನದಕ್ಕೆ 4,096, ಅದರ ಮುಂದಿನದಕ್ಕೆ 2,048. ಹೀಗೆ ಅರ್ಧರ್ಧವಾಗುತ್ತ ಹತ್ತನೆಯ ಸ್ಟಾಪಿಗೆ ಬರುವಾಗ ಉಳಿದಿರುವುದು 16. ಟೈರಿನ ಹಲ್ಲುಗಳು, ಅದರ ಕೆಳಗಿನ ನಿಂಬೆಹಣ್ಣಿನ ನೆರಳಿನ ಮಗ್ಗುಲು, ಎಲ್ಲ ಈ ಹದಿನಾರರೊಳಗೆ ಬದುಕಬೇಕು. ನೆರಳನ್ನು ಕಂಪ್ಯೂಟರಿನಲ್ಲಿ ಎತ್ತಿದಾಗ ಮರಳು ಎರಚಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕಣ್ಣು ಹೇಗೆ ಸಂಭಾಳಿಸುತ್ತದೆ? ಪಾಪೆ ಹಿಗ್ಗಿ ಕುಗ್ಗುವುದರಿಂದ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಪಾಪೆ 2 ಮಿಲಿಮೀಟರಿನಿಂದ 8 ಮಿಲಿಮೀಟರಿಗೆ ಹಿಗ್ಗಿದರೂ ಒಳಬರುವ ಬೆಳಕು ಹೆಚ್ಚುವುದು 16 ಪಟ್ಟು ಮಾತ್ರ, ಬರೀ ನಾಲ್ಕು ಸ್ಟಾಪ್. ಉಳಿದದ್ದೆಲ್ಲ ರೆಟಿನಾದ ಸುಮಾರು 12 ಕೋಟಿ ದಂಡಕೋಶಗಳು, 60 ಲಕ್ಷ ಶಂಕುಕೋಶಗಳು ಮತ್ತು ಅವುಗಳ ಹಿಂದಿರುವ ನರಗಳ ಕೆಲಸ. ಅದಕ್ಕಿಂತ ಮುಖ್ಯವಾಗಿ, ಕಣ್ಣು ಕಾರನ್ನು ಒಂದೇ ಏಟಿಗೆ ನೋಡುವುದಿಲ್ಲ. ಬಾನೆಟ್ ನೋಡುತ್ತದೆ, ಗಾಲಿಗೆ ಇಳಿಯುತ್ತದೆ, ಸೀಟಿನೊಳಗೆ ಇಣುಕುತ್ತದೆ, ಹೋದಲ್ಲೆಲ್ಲ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಕೊನೆಗೆ ಮಿದುಳು ಎಲ್ಲ ಸೇರಿಸಿ ‘ಕಾರು ಚೆಂದ ಐತಿ’ ಎಂದುಬಿಡುತ್ತದೆ.

ಎಚ್‌ಡಿಆರ್ (ಹೈ ಡೈನಮಿಕ್ ರೇಂಜ್) ಎನ್ನುವುದು ಇದೇ ಕೆಲಸವನ್ನು ಬಿಡಿಸಿ ಮಾಡುವ ವಿಧಾನ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಬಿಗಿದು, ಐಎಸ್‌ಒ 100, ಅಪರ್ಚರ್ ಎಫ್ 8 ಎಂದು ಕಟ್ಟಿಹಾಕಿ, ಷಟರ್ ವೇಗವನ್ನಷ್ಟೇ ಬದಲಿಸುತ್ತ ಐದು ಚಿತ್ರ: ಸೆಕೆಂಡಿನ 4000ನೇ ಒಂದು ಭಾಗ, 1000ನೇ ಒಂದು, 250ನೇ ಒಂದು, 60ನೇ ಒಂದು, 15ನೇ ಒಂದು. ಮೊದಲನೆಯದರಲ್ಲಿ ಆಕಾಶವೂ ಬಾನೆಟ್ಟೂ ತಿಳಿಯಾಗಿ ಕಾಣುತ್ತವೆ, ಉಳಿದದ್ದೆಲ್ಲ ಅಮಾವಾಸ್ಯೆ. ಐದನೆಯದರಲ್ಲಿ ಟೈರಿನ ಮೇಲಿನ ಅಕ್ಷರ ಓದಬಹುದು, ಬಾನೆಟ್ ಇತ್ತೆಂಬ ಗುರುತೂ ಇರುವುದಿಲ್ಲ. ಮೊದಲ ಮತ್ತು ಕೊನೆಯ ಚಿತ್ರದ ನಡುವೆ ಬೆಳಕು 256 ಪಟ್ಟು. 24 ಮೆಗಾಪಿಕ್ಸೆಲ್ ಕ್ಯಾಮೆರಾವಾದರೆ ಐದು ಚಿತ್ರ ಸೇರಿ 12 ಕೋಟಿ ಪಿಕ್ಸೆಲ್, ಕುಗ್ಗಿಸದೆ ಹಾಗೇ ಇಟ್ಟರೆ ಸುಮಾರು 210 ಎಂಬಿ. ಇಳಕಲ್ಲಿನ ನೇಕಾರರು ಸೆರಗಿನ ಹಾಸುಎಳೆಗಳನ್ನು ಒಡಲಿನ ಹಾಸುಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಹಾಗೆ, ತಂತ್ರಾಂಶ ಪ್ರತಿ ಪಿಕ್ಸೆಲ್ಲಿಗೂ ಯಾವ ಚಿತ್ರದ ಮಾಹಿತಿ ನಂಬಿಕಸ್ಥ ಎಂದು ನೋಡಿ ಹೊಸೆಯುತ್ತದೆ. ಒಟ್ಟು 22 ಸ್ಟಾಪ್ ಕೈಗೆ ಬರುತ್ತದೆ. ಬಾಕಿ ಉಳಿಯುವ ಒಂದು ಚಿಲ್ಲರೆ ಸ್ಟಾಪ್ ಸೂರ್ಯನ ಚುಕ್ಕೆಯದು. ಅದು ಬೆಳ್ಳಗೇ ಇರಲಿ. ಉರಿಯದ ಸೂರ್ಯನನ್ನು ಯಾರು ನೋಡಿದ್ದಾರೆ?

ಈ ಉಪಾಯ ಹೊಸದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಮಾಡಿ ಎರಡನ್ನೂ ಒಂದೇ ಚಿತ್ರವಾಗಿ ಅಚ್ಚುಹಾಕಿದ. ಅದೇ ದಶಕದಲ್ಲಿ ಥಾಮಸ್ ಬಿಗ್ಸ್, ಡಾ. ಪಿಗೌ ಎಂಬ ಇಬ್ಬರು ಅಧಿಕಾರಿಗಳು ನಮ್ಮ ಚಾಲುಕ್ಯರ ಸೀಮೆಯಲ್ಲಿ ಕ್ಯಾಮೆರಾ ಹೊತ್ತು ತಿರುಗಿದರು. ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಬಂದವು. ಆಗಿನ ರಾಸಾಯನಿಕಗಳಿಗೆ ನೀಲಿ ಕಂಡರೆ ಅತಿಪ್ರೀತಿ, ಕೆಂಪು ಕಂಡರೆ ಕುರುಡು. ನೀಲಿ ಆಕಾಶವೆಲ್ಲ ಬೋಳು ಬಿಳಿಯಾಗುತ್ತಿತ್ತು, ನಮ್ಮ ಕೆಂಪು ಮರಳುಗಲ್ಲು ಕಪ್ಪಿಡುತ್ತಿತ್ತು. ಆ ಕಾಲದ ಕ್ಯಾಮೆರಾಕ್ಕೆ ಇದಕ್ಕಿಂತ ಪ್ರತಿಕೂಲವಾದ ಊರು ಹುಡುಕಿದರೂ ಸಿಗುತ್ತಿರಲಿಲ್ಲ.

ಈ ಉಪಾಯದ ಗಣಿತ ಪಕ್ಕಾ ಆದದ್ದು 1997ರ ಆಗಸ್ಟಿನಲ್ಲಿ, ನಮ್ಮ ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾದ ಅದೇ ತಿಂಗಳು. ಸಂಶೋಧಕರಾದ ಪಾಲ್ ಡೆಬೆವೆಕ್ ಮತ್ತು ಮಥುರೆಯಲ್ಲಿ ಹುಟ್ಟಿ ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್ ಲಾಸ್ ಏಂಜಲೀಸ್‌ನ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಸ್ಟ್ಯಾನ್‌ಫರ್ಡಿನ ಚರ್ಚಿನೊಳಗೆ 30 ಸೆಕೆಂಡಿನಿಂದ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ತೆಗೆದ 16 ಚಿತ್ರಗಳಿಂದ ನಿಜವಾದ ಬೆಳಕಿನ ಪ್ರಮಾಣವನ್ನು ಲೆಕ್ಕಹಾಕಿ ತೋರಿಸಿದ್ದರು. ಮರುವರ್ಷ ಡೆಬೆವೆಕ್ ಇನ್ನೊಂದು ಹೆಜ್ಜೆ ಹೋದರು: ಒಂದು ಸ್ಥಳದ ಬೆಳಕನ್ನು ಹೀಗೆ ಸುತ್ತಲೂ ಹಿಡಿದಿಟ್ಟರೆ, ಕಂಪ್ಯೂಟರಿನಲ್ಲಿ ಬಿಡಿಸಿದ ವಸ್ತುವಿನ ಮೇಲೆ ಆ ಬೆಳಕನ್ನೇ ಬೀಳಿಸಬಹುದು. ಇವತ್ತು ಕಾರಿನ ಜಾಹೀರಾತುಗಳಲ್ಲಿ ಬೆಟ್ಟದ ಬುಡದಲ್ಲಿ ಮಿಂಚುವ ಎಷ್ಟೋ ಕಾರುಗಳು ಆ ಬೆಟ್ಟವನ್ನು ಕಂಡೇ ಇಲ್ಲ. ಅಲ್ಲಿಗೆ ಹೋಗಿ ಬಂದದ್ದು ಒಂದು ಎಚ್‌ಡಿಆರ್ ಕ್ಯಾಮೆರಾ ಮಾತ್ರ. 2010ರಲ್ಲಿ ಐಫೋನಿಗೆ ಎಚ್‌ಡಿಆರ್ ಗುಂಡಿ ಬಂದ ಮೇಲೆ ಈ ವಿದ್ಯೆ ಎಲ್ಲರ ಜೇಬಿಗೂ ಇಳಿಯಿತು.

ಹಿಡಿದದ್ದಾಯಿತು, ತೋರಿಸುವುದು ಎಲ್ಲಿ? ಒಳ್ಳೆಯ ಕಾಗದದ ಮೇಲೆ ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ವ್ಯತ್ಯಾಸ ಸುಮಾರು 100 ಪಟ್ಟು. ಕೋಟಿಯನ್ನು ನೂರಕ್ಕೆ ಇಳಿಸಬೇಕು. ಟೋನ್ ಮ್ಯಾಪಿಂಗ್ ಎನ್ನುವ ಈ ಘಟ್ಟದಲ್ಲೇ ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು. ಎಲ್ಲ ನೆರಳನ್ನೂ ಎತ್ತಿ, ಎಲ್ಲ ಬೆಳಕನ್ನೂ ಅದುಮಿ, ಕಾರಿನ ಸುತ್ತ ಪ್ರಭಾವಳಿ ಬರಿಸಿ, ಮೋಡಗಳಿಗೆ ಕಾಡಿಗೆ ಹಚ್ಚಿ, ಮದುವೆ ಬ್ಯಾನರ್ ಮಾಡಿಬಿಡುತ್ತಾರೆ. ಟೈರು ಕಪ್ಪಾಗಿಯೇ ಕಾಣಬೇಕು, ಅದರ ಹಲ್ಲು ಕಂಡರೆ ಸಾಕು. 22 ಸ್ಟಾಪ್ ಕೈಗೆ ಬಂತೆಂದು ಅಷ್ಟನ್ನೂ ಚಿತ್ರದಲ್ಲಿ ಸುರಿಯಬೇಕೆಂದು ಯಾರೂ ಹೇಳಿಲ್ಲ.

ಇನ್ನೊಂದು ದಾರಿಯೂ ಇದೆ, ಅದಕ್ಕೆ ಖರ್ಚಿಲ್ಲ. ಮೇ ಮೊದಲ ವಾರ ಬಾದಾಮಿಯಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಹದಿಮೂರು-ಹದಿನಾಲ್ಕು ನಿಮಿಷ ಇರುವಾಗ. ಮುಳುಗಿದ ಮೇಲೆ ಮೊದಲ ಕಾಲು ಗಂಟೆ ಇಡೀ ಆಕಾಶವೇ ಒಂದು ದೊಡ್ಡ ದೀಪ. ಬಾನೆಟ್ಟಿನ ಉರಿಚುಕ್ಕೆ ಇರುವುದಿಲ್ಲ. ನೆಲದ ಮೇಲೆ ಗೀರಿದಂಥ ನೆರಳೂ ಇಲ್ಲ. ಗಾಲಿಯ ಗೂಡಿಗೆ ಬಯಲಿನ ಬೆಳಕಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಹೋಯಿತೆಂದು ಲೆಕ್ಕ ಹಿಡಿದರೂ, ಆಕಾಶಕ್ಕೂ ಟೈರಿಗೂ ಉಳಿಯುವ ಅಂತರ ಸುಮಾರು 500 ಪಟ್ಟು, ಅಂದರೆ ಒಂಬತ್ತು ಸ್ಟಾಪ್. ಮಧ್ಯಾಹ್ನ ಕೋಟಿ ಇದ್ದದ್ದು ಏಳು ತಾಸಿನಲ್ಲಿ ಐನೂರಕ್ಕೆ ಬಂತು. ಒಂದೇ ಕ್ಲಿಕ್ ಸಾಕು. ಆದ್ದರಿಂದ ಹೊಸ ಕಾರು ತಂದವರಲ್ಲಿ ಒಂದು ವಿನಂತಿ: ಪೂಜೆಯನ್ನು ಮುಹೂರ್ತಕ್ಕೆ ಮಾಡಿಸಿ, ಫೋಟೋವನ್ನು ಸಂಜೆ ಏಳಕ್ಕೆ ತೆಗೆಸಿ.