ಬಾಗಿಲು ಬಿಗಿಯುವುದೇಕೆ?

ಬೇಸಗೆಯಲ್ಲಿ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಶ್ರಾವಣದ ಜಡಿಮಳೆ ಹಿಡಿದೊಡನೆ ಬಾಗಿಲುವಾಡಕ್ಕೆ ಸಿಕ್ಕಿಕೊಂಡು ಅಲುಗದಂತಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಚೈತ್ರ ವೈಶಾಖಗಳಲ್ಲಿ ಅದೇ ಬಾಗಿಲಿನ ಹಲಗೆಗಳ ನಡುವೆ ಬೆಳಕು ಇಣುಕುವಷ್ಟು ಸಂದು ಬಿಡುವುದೂ ಉಂಟು. ಮನೆಯವರು ಎರಡು ಕಾಲದಲ್ಲಿಯೂ ಬಡಗಿಯನ್ನೇ ದೂರುತ್ತಾರೆ. ಆತನ ಕೂಲಿಯೂ ಹೆಸರೂ ಈ ದೂರಿನ ಮೇಲೆ ನಿಂತಿರುವುದರಿಂದ, ತಪ್ಪು ಯಾರದೆಂಬುದನ್ನು ವಿಚಾರಿಸುವುದು ನ್ಯಾಯ.

ಈ ವಿಚಾರಕ್ಕೆ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಒಳ್ಳೆಯ ನಿದರ್ಶನ. 1997ರಲ್ಲಿ ರಚಿತವಾದ ಈ ಜಿಲ್ಲೆಯಲ್ಲಿ ಮಲೆನಾಡಿನ ಸೆರಗೂ ಉಂಟು, ಬರಿಯ ಬಯಲೂ ಉಂಟು. ಚನ್ನಗಿರಿಯ ಕಡೆ ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರವೂ ಅಡಕೆಯ ತೋಟಗಳೂ ಇವೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತದೆ. ಹಿಂದೆ ಹೊನ್ನಾಳಿಗೇ ಸೇರಿದ್ದ ನ್ಯಾಮತಿ ಶಿವಮೊಗ್ಗದ ದಿಕ್ಕಿಗಿದೆ. ಜಗಳೂರಾದರೋ ಮಳೆ ಕಡಮೆಯಾಗಿ ಪದೇ ಪದೇ ಬರಕ್ಕೆ ಸಿಕ್ಕುವ ಒಣ ಸೀಮೆ. ನಾಲ್ಕೆಡೆಯಲ್ಲಿಯೂ ಬಡಗಿಯ ಉಳಿ, ಗರಗಸ, ಉಜ್ಜುಗೊರಡುಗಳು ಒಂದೇ. ಗಾಳಿಯ ತೇವ ಮಾತ್ರ ಬೇರೆ.

ಮರವು ಸೂಕ್ಷ್ಮವಾದ ಕೊಳವೆಗಳ ಒಂದು ಕಂತೆ. ಕೊಳವೆಗಳೆಂದರೆ ಕಾಂಡದ ಉದ್ದಕ್ಕೆ ಮಲಗಿದ ಜೀವಕೋಶಗಳು. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೊಳವೆಗಳ ಟೊಳ್ಳಿನಲ್ಲಿ, ಮತ್ತು ಅವುಗಳ ಗೋಡೆಗಳ ಒಳಗೆ. ಕಡಿದ ಮರದಿಂದ ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ತೂಕ ಇಳಿಯುವುದೇ ಹೊರತು ಗಾತ್ರ ಹೆಚ್ಚುಕಡಮೆ ಬದಲಾಗದು. ಒಣಮರದ ತೂಕಕ್ಕೆ ಹೋಲಿಸಿದರೆ ಉಳಿದ ನೀರು ಸುಮಾರು ಶೇಕಡ 30ಕ್ಕೆ ಬಂದಾಗ ಟೊಳ್ಳು ಬರಿದಾಗಿರುತ್ತದೆ. ಅಲ್ಲಿಂದ ಮುಂದೆ ಗೋಡೆಗಳ ನೀರು ಹೊರಡುತ್ತದೆ, ಗೋಡೆಗಳು ತೆಳುವಾಗುತ್ತವೆ, ಮರ ಕುಗ್ಗುತ್ತದೆ.

ಒಣಗಿದ ಮರವೂ ಗಾಳಿಯೊಡನೆ ಕೊಡುಕೊಳ್ಳುವ ವ್ಯವಹಾರವನ್ನು ಬಿಡುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 30 ಇರುವಲ್ಲಿ ಬಹುಕಾಲವಿದ್ದ ಮರದಲ್ಲಿ ಸುಮಾರು ಶೇಕಡ 6ರಷ್ಟು ನೀರು ನಿಲ್ಲುತ್ತದೆ; ಆರ್ದ್ರತೆ ಶೇಕಡ 80 ಆದರೆ ಸುಮಾರು ಶೇಕಡ 16. ನೂರು ವರ್ಷದ ಹಳೆಯ ತೊಲೆಗೂ ಇದೇ ನಿಯಮ. ಎಣ್ಣೆ, ಬಣ್ಣ, ಪಾಲಿಶುಗಳು ಈ ವ್ಯವಹಾರವನ್ನು ನಿಧಾನಗೊಳಿಸುತ್ತವೆ, ನಿಲ್ಲಿಸಲಾರವು.

ಇಲ್ಲಿ ಮುಖ್ಯವಾದೊಂದು ಸಂಗತಿಯನ್ನು ಗಮನಿಸಬೇಕು. ಮರ ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗುವುದಿಲ್ಲ. ಹಸಿ ತೇಗವನ್ನು ಪೂರ್ತಿ ಒಣಗಿಸಿದರೆ ವರ್ಷದ ಉಂಗುರಗಳ ಗುಂಟ ಅದು ಸುಮಾರು ಶೇಕಡ 5.8 ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ಕಡೆಗೆ ಶೇಕಡ 2.5 ಮಾತ್ರ. ನಾರಿನ ಉದ್ದಕ್ಕಾದರೆ ಸಾಮಾನ್ಯವಾಗಿ ಶೇಕಡ 0.2ನ್ನೂ ದಾಟದು. ಬಾಗಿಲು ಎತ್ತರದಲ್ಲಿ ಬೆಳೆಯದೆ ಅಗಲದಲ್ಲಿಯೇ ಬಿಗಿಯುವುದರ ಗುಟ್ಟು ಇದೇ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಅಗಲದ ಉದ್ದಕ್ಕೂ ಉಂಗುರಗಳು ಹಾಯುವಂತೆ ಕೊಯ್ದ ತೇಗದ ಹಲಗೆಗಳನ್ನು ಒತ್ತಾಗಿ ಜೋಡಿಸಿ, 90 ಸೆಂಟಿಮೀಟರು ಅಗಲದ ಬಾಗಿಲು ಮಾಡಿದೆವೆನ್ನಿ. ಅದರ ನೀರಿನಂಶ ಶೇಕಡ 8ರಿಂದ 15ಕ್ಕೆ ಏರಿದರೆ, 5.8ರಲ್ಲಿ 30ಕ್ಕೆ 7 ಪಾಲು, ಅಂದರೆ ಶೇಕಡ 1.35ರಷ್ಟು ಹಿಗ್ಗಾಗುತ್ತದೆ. ಬಾಗಿಲು 12 ಮಿಲಿಮೀಟರು ಅಗಲವಾಗುತ್ತದೆ! ಯಾವ ಬಾಗಿಲುವಾಡ ಇದನ್ನು ತಾಳೀತು?

ಈ ಕಷ್ಟಕ್ಕೆ ಬಡಗಿಗಳು ಕಂಡುಕೊಂಡ ಉಪಾಯವೇ ಚೌಕಟ್ಟಿನ ಬಾಗಿಲು. ಎರಡು ಪಕ್ಕಗಳಲ್ಲಿ ತಲಾ 10 ಸೆಂಟಿಮೀಟರಿನ ನಿಲುವು ಪಟ್ಟಿಗಳು; ಅವುಗಳ ನಡುವೆ ಅಡ್ಡಪಟ್ಟಿಗಳು. ಅಡ್ಡಪಟ್ಟಿಯ ನಾರು ಬಾಗಿಲಿನ ಅಗಲದ ದಿಕ್ಕಿಗೇ ಇರುವುದರಿಂದ ಅದು ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಹಿಗ್ಗತಕ್ಕದ್ದು ನಿಲುವು ಪಟ್ಟಿಗಳ 20 ಸೆಂಟಿಮೀಟರು ಮಾತ್ರ. ಹೆಚ್ಚಳ 3 ಮಿಲಿಮೀಟರಿಗೂ ಕಡಮೆ. ನಡುವಿನ ಹಲಗೆಯನ್ನು ಪಟ್ಟಿಗಳಲ್ಲಿ ಕೊರೆದ ತೋಡಿನೊಳಗೆ ಸರೇಸು ಹಚ್ಚದೆ, ಮೊಳೆ ಹೊಡೆಯದೆ, ಅಂಚಿಗೆ ಸ್ವಲ್ಪ ಎಡೆ ಬಿಟ್ಟು ಕೂರಿಸುತ್ತಾರೆ. ಅದು ತನ್ನ ಪಾಡಿಗೆ ಹಿಗ್ಗಿ ಕುಗ್ಗಬಹುದು. ಸಡಿಲವಾಗಿ ಗಡಗಡಿಸುವ ಹಲಗೆಯನ್ನು ಕಂಡು ಅಡ್ಡ ಕೆಲಸವೆಂದು ಹಳಿಯುವವರು, ಬಿಗಿಯಾಗಿ ಅಂಟಿಸಿದ್ದರೆ ಹಲಗೆ ಸೀಳುತ್ತಿತ್ತೆಂಬುದನ್ನು ಅರಿಯರು.

ಆ ಎಡೆ ಎಷ್ಟಿರಬೇಕೆಂಬುದೇ ಅನುಭವದ ಮಾತು. ಬೇಸಗೆಯಲ್ಲಿ ಜಗಳೂರಿನಲ್ಲಿ ಮಾಡಿ ನ್ಯಾಮತಿಗೆ ಒಯ್ಯುವ ಬಾಗಿಲಿಗೆ ಹೆಚ್ಚು ಎಡೆ ಬೇಕು. ಅದು ಮುಂದೆ ಹಿಗ್ಗತಕ್ಕದ್ದು. ಮಳೆಗಾಲದಲ್ಲಿ ಚನ್ನಗಿರಿಯಲ್ಲಿ ಮಾಡಿದ್ದು ಜಗಳೂರಿಗೆ ಹೋಗುವುದಾದರೆ ಹಲಗೆಯನ್ನು ತೋಡಿನೊಳಗೆ ಆಳವಾಗಿ ಇಳಿಸಬೇಕು. ಇಲ್ಲದಿದ್ದರೆ ಕುಗ್ಗಿ ಹೊರಬಿದ್ದೀತು. ಆದರೆ ಹಸಿಮರಕ್ಕೆ ಯಾವ ಲೆಕ್ಕವೂ ನಿಲ್ಲದು. ಆದುದರಿಂದಲೇ ಹಲಗೆಗಳ ನಡುವೆ ಪಟ್ಟಿಯಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ, ತಿಂಗಳುಗಟ್ಟಲೆ ಒಣಗಿಸುವ ಪದ್ಧತಿ. ಬೆಂಗಳೂರಿನಲ್ಲಿ 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾಗಿ ಈಗ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿರುವ ಕೇಂದ್ರದಲ್ಲಿ ಮರವನ್ನು ಒಣಗಿಸುವ ವಿಧಾನಗಳೂ ಅಭ್ಯಾಸದ ವಿಷಯವಾಗಿವೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮರದ ಒಂದು ತುಂಡನ್ನು ತೂಗಿ, ಪ್ರಯೋಗಶಾಲೆಯ ಒಲೆಯಲ್ಲಿ 103 ಡಿಗ್ರಿ ಸೆಂಟಿಗ್ರೇಡಿನಲ್ಲಿ ತೂಕ ಇನ್ನಿಳಿಯದಷ್ಟು ಕಾಲ ಇರಿಸಿ, ಮತ್ತೆ ತೂಗಿರಿ. ಕಳೆದುಹೋದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೀರಿನಂಶ ದೊರೆಯುತ್ತದೆ. ಆಷಾಢದಲ್ಲೊಮ್ಮೆ, ಫಾಲ್ಗುಣದಲ್ಲೊಮ್ಮೆ ಒಂದೇ ಹಲಗೆಯಿಂದ ತುಂಡು ತೆಗೆದು ನೋಡಿದರೆ ಗಾಳಿಯ ಕೈವಾಡ ಅಂಕಿಗಳಲ್ಲಿಯೇ ಕಾಣುತ್ತದೆ.

ಹಸಿಮರವನ್ನು ಒಣಮರವೆಂದು ಮಾರಿದವನೂ, ಅವಸರದಿಂದ ಹಲಗೆಗೆ ಮೊಳೆ ಬಿಗಿದವನೂ ದೂರಿಗೆ ಅರ್ಹರೇ ಸರಿ. ಆದರೆ ಚೆನ್ನಾಗಿ ಒಣಗಿಸಿ, ಚೌಕಟ್ಟು ಕಟ್ಟಿ, ಎಡೆ ಬಿಟ್ಟು ಮಾಡಿದ ಬಾಗಿಲು ಮಳೆಗಾಲದಲ್ಲಿ ಕೊಂಚ ಬಿಗಿದರೆ ಅದು ಬಡಗಿಯ ತಪ್ಪಲ್ಲ, ಮರದ ಸ್ವಭಾವ. ಅಂಥ ಬಾಗಿಲನ್ನು ಶ್ರಾವಣದಲ್ಲಿಯೇ ಉಜ್ಜಿಸಲು ಆತುರಪಡುವುದು ಸಲ್ಲದು. ಆಗ ಉಜ್ಜಿ ತೆಗೆದ ಮರ ಚೈತ್ರದಲ್ಲಿ ಮರಳಿ ಬಾರದು. ಆ ಸಂದಿಗೂ ನಾವು ಬಡಗಿಯನ್ನೇ ದೂರಿಯೇವು.