ನೆಲವಿಲ್ಲದ ಜಿಲ್ಲೆ: ಗುಜರಾತಿನಲ್ಲಿ ವಲಂದೇಜರ ಇನ್ನೂರು ವರ್ಷ

ಪೋರ್ಚುಗೀಜರು, ಡಚ್ಚರು, ಇಂಗ್ಲಿಷರು, ಫ್ರೆಂಚರು ಎಂಬ ಸರಪಳಿಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಅವರಲ್ಲಿ ಎರಡನೆಯವರಾದ ಡಚ್ಚರಿಗೆ ಪಠ್ಯಪುಸ್ತಕದಲ್ಲಿ ಅರ್ಧ ಪುಟಕ್ಕಿಂತ ಹೆಚ್ಚು ಸ್ಥಳ ಸಿಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅವರ ಮೇಲೆ ಪ್ರಶ್ನೆಯೂ ಅಪರೂಪ. ಆದುದರಿಂದ ನಮ್ಮ ಕನ್ನಡ ಕುಟುಂಬಗಳು ಇಂದು ನೆಲೆಸಿರುವ ಅಹಮದಾಬಾದು, ವಡೋದರಾ, ಸೂರತ್ತು ಈ ಮೂರೂ ಊರುಗಳು ಒಂದು ಕಾಲಕ್ಕೆ ಒಂದೇ ಡಚ್ ಆಡಳಿತ ವಿಭಾಗದ ಲೆಕ್ಕಪುಸ್ತಕದಲ್ಲಿ ಸೇರಿದ್ದವು ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಗುಜರಾತಿಗಳು ಡಚ್ಚರನ್ನು ‘ವಲಂದಾ’ ಎನ್ನುತ್ತಾರೆ, ಮರಾಠಿಗರು ‘ವಲಂದೇಜ’ ಎನ್ನುತ್ತಾರೆ. ಹಾಲೆಂಡಿನವರು ಎಂಬುದೇ ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. ನಮ್ಮ ಹಳೆಯ ಚರಿತ್ರೆಯ ಪುಸ್ತಕಗಳಲ್ಲಿಯೂ ವಲಂದೇಜರೆಂಬ ಹೆಸರುಂಟು.

೧೬೦೨ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕುಂಪಣಿಯು ಏಷ್ಯಾದಲ್ಲಿನ ತನ್ನ ವ್ಯವಹಾರವನ್ನೆಲ್ಲ ವಿಭಾಗಗಳಾಗಿ ಹಂಚಿಕೊಂಡಿತ್ತು. ಎಲ್ಲಕ್ಕೂ ಮೇಲಿನ ಕಛೇರಿ ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ. ಕೋಟೆಯೂ ನೆಲವೂ ಕೈಯಲ್ಲಿದ್ದ ಕಡೆ ಗವರ್ನರನಿರುತ್ತಿದ್ದ. ವ್ಯಾಪಾರ ಮಾತ್ರವೇ ಇದ್ದ ಕಡೆ ಡೈರೆಕ್ಟರ್ ಎಂಬ ಅಧಿಕಾರಿ. ಅವರು ‘ಸೂರತ್ತೆ’ ಎಂದು ಬರೆಯುತ್ತಿದ್ದ ನಮ್ಮ ಸೂರತ್ತು ಈ ಎರಡನೆಯ ಬಗೆಯದು. ಅದರ ಕೈಕೆಳಗೆ ಅಹಮದಾಬಾದು, ವಡೋದರಾ, ಭರೂಚ್, ಖಂಭಾತ್ ಮಾತ್ರವಲ್ಲ, ದೂರದ ಆಗ್ರಾದ ಕೋಠಿಯೂ ಇತ್ತು. ಕೋಠಿಯೆಂದರೆ ಮಗ್ಗ ನಡೆಸುವ ಕಾರ್ಖಾನೆಯಲ್ಲ; ಉಗ್ರಾಣ, ಕಛೇರಿ, ವಾಸದ ಮನೆ ಎಲ್ಲವೂ ಒಂದೇ ಗೋಡೆಯೊಳಗಿದ್ದ ವ್ಯಾಪಾರಗೃಹ.

ಇಲ್ಲಿಯೇ ಈ ಜಿಲ್ಲೆಯ ವಿಚಿತ್ರವಿದೆ. ಹೆಸರಿಗೆ ಅದೊಂದು ವಿಭಾಗ. ಅಧಿಕಾರಿ, ಉಪಾಧಿಕಾರಿ, ಖಜಾನೆ, ಕಡತ, ಮುದ್ರೆ ಎಲ್ಲವೂ ಉಂಟು. ಆದರೆ ಆಳುವುದಕ್ಕೆ ಒಂದು ಗುಂಟೆ ನೆಲವಿಲ್ಲ, ಕಂದಾಯ ಕೊಡುವ ಒಬ್ಬ ರೈತನಿಲ್ಲ. ನೆಲ ಮೊಗಲ ಬಾದಶಹನದು. ಕೋಟೆ ಅವನ ಕಿಲ್ಲೇದಾರನದು. ಸುಂಕದ ಕಟ್ಟೆಯೂ ಅವನದೇ. ಡೈರೆಕ್ಟರ್ ಸಾಹೇಬರ ಆಜ್ಞೆ ಕೋಠಿಯ ಬಾಗಿಲಿನವರೆಗೆ ಮಾತ್ರ. ಸರಕಾರಿ ಕಛೇರಿಯಲ್ಲಿ ಕಡತ ಕಟ್ಟುವ ನಮ್ಮಂಥವರಿಗೆ ಇದೊಂದು ರುಚಿಯಾದ ಸಂಗತಿ: ಕಾಗದದ ಮೇಲೆಯೇ ಇನ್ನೂರು ವರ್ಷ ಬಾಳಿದ ಜಿಲ್ಲೆ!

ಆರಂಭವೇನೂ ಶುಭವಾಗಿರಲಿಲ್ಲ. ಮೊದಲು ಬಂದ ದ ವೋಲ್ಫ್ ಮತ್ತು ಲಾಫರ್ ಎಂಬ ಇಬ್ಬರು ಇಲ್ಲಿಂದ ಮಲಬಾರಿನ ಕಡೆಗೆ ಹೋಗಿ ಪೋರ್ಚುಗೀಜರ ಕೈಗೆ ಸಿಕ್ಕು ಗೋವೆಯಲ್ಲಿ ಗಲ್ಲಿಗೇರಿದರು. ಅನಂತರ ಬಂದ ವಾನ್ ಡೈನ್ಸೆನ್ ಎಂಬವನು ನಾಲ್ಕೂ ಕಡೆಯ ಕಾಟ ತಾಳಲಾರದೆ ೧೬೦೭ರಲ್ಲಿ ಬುರ್ಹಾನಪುರದಲ್ಲಿ ಆತ್ಮಹತ್ಯೆ ಮಾಡಿಕೊಂಡ. ೧೬೧೬ರಲ್ಲಿ ಪೀಟರ್ ವಾನ್ ಡೆನ್ ಬ್ರೂಕ್ ಸೂರತ್ತಿಗೆ ಬಂದು ಕೆಲವರನ್ನು ಬಿಟ್ಟುಹೋದ. ಮರುವರ್ಷ ಆತ ಮತ್ತೆ ಬಂದಾಗ ಹಡಗುಗಳು ಈ ಕರಾವಳಿಯಲ್ಲೇ ಒಡೆದವು. ಬದುಕಿ ಉಳಿದ ನಾವಿಕರನ್ನು ಕಟ್ಟಿಕೊಂಡು ದಖ್ಖನನ್ನು ಅಡ್ಡಹಾಯ್ದು, ದಾರಿಯಲ್ಲಿ ಮಲಿಕ್ ಅಂಬರನನ್ನು ಕಂಡು, ಪೂರ್ವ ಕರಾವಳಿಯ ಮಚಲಿಪಟ್ಟಣವನ್ನು ಕಾಲ್ನಡಿಗೆಯಲ್ಲಿ ಮುಟ್ಟಿದ ಛಲಗಾರನೀತ. ೧೬೨೦ರಿಂದ ಸುಮಾರು ಒಂಬತ್ತು ವರ್ಷ ಇವನೇ ಸೂರತ್ತಿನ ಡೈರೆಕ್ಟರ್ ಆಗಿದ್ದ. ವಿಭಾಗ ನೆಲೆಗೊಂಡದ್ದು ಇವನ ಕಾಲದಲ್ಲಿ.

ಅಷ್ಟೆಲ್ಲ ಪ್ರಾಣಸಂಕಟಪಟ್ಟು ಇಲ್ಲಿಗೇಕೆ ಬರಬೇಕಿತ್ತು? ಬಟ್ಟೆಗಾಗಿ. ಕುಂಪಣಿಗೆ ಬೇಕಾಗಿದ್ದುದು ಮಲಕ್ಕಾದಾಚೆಯ ದ್ವೀಪಗಳ ಲವಂಗ, ಜಾಯಿಕಾಯಿ, ಜಾಪತ್ರೆ. ಆ ದ್ವೀಪದವರಿಗೆ ಬೇಕಾಗಿದ್ದುದು ಯೂರೋಪಿನ ಸರಕಲ್ಲ, ಗುಜರಾತಿನ ಹತ್ತಿಬಟ್ಟೆ. ಇಲ್ಲಿಯ ಬಟ್ಟೆ ಅಲ್ಲಿಗೆ, ಅಲ್ಲಿಯ ಸಂಬಾರ ಇಲ್ಲಿಗೆ ಹಾಗೂ ಯೂರೋಪಿಗೆ. ಕೆಲವು ದಶಕಗಳ ತರುವಾಯ ಜಪಾನಿನ ತಾಮ್ರವೂ ಸೂರತ್ತಿನ ಪೇಟೆಯಲ್ಲಿ ಇಳಿಯತೊಡಗಿತು. ಅಹಮದಾಬಾದಿನ ಅಂಚಿನಲ್ಲಿರುವ ಸರ್ಖೇಜಿಗೆ ರೋಜಾ ನೋಡಲು ನಮ್ಮ ಕುಟುಂಬಗಳು ಹೋಗುತ್ತಿರುತ್ತವಷ್ಟೆ. ಆಗ ಆ ಸರ್ಖೇಜಿನ ಹೆಸರು ಆಮ್‌ಸ್ಟರ್‌ಡಾಮಿನ ಪೇಟೆಯಲ್ಲಿಯೂ ಬಳಕೆಯಲ್ಲಿತ್ತು, ನೀಲಿಯ ದೆಸೆಯಿಂದ. ಗಿಡದ ಎಲೆಯನ್ನು ತೊಟ್ಟಿಯಲ್ಲಿ ಕೊಳೆಹಾಕಿ, ನೀರನ್ನು ಬಡಿದು ಕಲಕಿ, ತಳಕ್ಕಿಳಿದ ಗಸಿಯನ್ನು ಬಿಲ್ಲೆ ಕಟ್ಟಿ ಒಣಗಿಸುತ್ತಿದ್ದರು. ತೂಕ ಹೆಚ್ಚಲೆಂದು ಮರಳು ಬೆರೆಸುತ್ತಾರೆಂಬ ದೂರು ಕುಂಪಣಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ೧೬೩೩ರಲ್ಲಿ ಶಹಜಹಾನನು ನೀಲಿಯ ಮಾರಾಟದ ಸಂಪೂರ್ಣ ಹಕ್ಕನ್ನು ಮನೋಹರದಾಸನೆಂಬ ಒಬ್ಬನೇ ವರ್ತಕನಿಗೆ ವಹಿಸಿಕೊಟ್ಟಾಗ, ಹಾವು ಮುಂಗುಸಿಯಂತಿದ್ದ ಇಂಗ್ಲಿಷರೂ ಡಚ್ಚರೂ ಒಂದಾಗಿ, ಆ ಬೆಲೆಗೆ ಕೊಳ್ಳುವುದಿಲ್ಲವೆಂದು ಕರಾರು ಮಾಡಿಕೊಂಡರು. ಆ ಏರ್ಪಾಡು ಹೆಚ್ಚು ಕಾಲ ನಡೆಯಲಿಲ್ಲ.

ಇಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. ಸೂರತ್ತಿನಲ್ಲಿ ಕೈಮುಗಿದು ಸುಂಕ ಕಟ್ಟುತ್ತಿದ್ದ ಇದೇ ಕುಂಪಣಿ ೧೬೨೧ರಲ್ಲಿ ಜಾಯಿಕಾಯಿಯ ಬಂಡಾ ದ್ವೀಪಗಳನ್ನು ಹಿಡಿದು, ಸುಮಾರು ಹದಿನೈದು ಸಾವಿರ ಜನರಿದ್ದ ಕಡೆ ಸಾವಿರದಷ್ಟು ಮಾತ್ರ ಉಳಿಯುವಂತೆ ಮಾಡಿತ್ತು. ಮಿಕ್ಕವರು ಸತ್ತರು, ಓಡಿದರು, ಗುಲಾಮರಾಗಿ ಸಾಗಿಹೋದರು. ಇಲ್ಲಿ ಅವರು ಸಾಧುಗಳಾಗಿದ್ದುದು ಸ್ವಭಾವದಿಂದಲ್ಲ, ಮೊಗಲರ ದಂಡಿಗೆ ಹೆದರಿ. ನೆಲದ ಮೇಲೆ ನಡೆಯದ ಜೋರನ್ನು ಅವರು ಕಡಲಿನ ಮೇಲೆ ತೋರಿಸುತ್ತಿದ್ದರು. ೧೬೪೮ರಲ್ಲಿ ಸೂರತ್ತಿನ ಕೋಠಿಗೆ ದರೋಡೆಕೋರರು ನುಗ್ಗಿದಾಗ ಮರುವರ್ಷ ಕುಂಪಣಿಯ ಹಡಗುಗಳು ಬಂದು ಮೋಖಾದಿಂದ ಮರಳುತ್ತಿದ್ದ ಸೂರತ್ತಿನ ಹಡಗುಗಳನ್ನು ಹಿಡಿದುಕೊಂಡವು. ಆಗ ಪರಿಹಾರದ ಮಾತು ತಾನಾಗಿಯೇ ಹೊರಟಿತು.

ಈ ವಿಭಾಗದ ಅಧಿಕಾರಿಗಳಲ್ಲಿ ನಮ್ಮ ವಾಚಕರು ಅವಶ್ಯವಾಗಿ ತಿಳಿಯಬೇಕಾದವನು ಯೋಹಾನ್ ವಾನ್ ಟ್ವಿಸ್ಟ್. ಅವನ ಪುಸ್ತಕದ ಮುಖಪುಟದಲ್ಲಿ ‘ಅಮದಾಬತ್, ಕಂಬಾಯಾ, ಬ್ರೊಡೆರಾ, ಬ್ರೊಯ್‌ಚಿಯಾ’ ಕಛೇರಿಗಳ ಮಾಜಿ ಮುಖ್ಯಸ್ಥನೆಂದು ಬಿರುದಿದೆ. ಅಹಮದಾಬಾದು, ಖಂಭಾತ್, ವಡೋದರಾ, ಭರೂಚ್ ಎಂದು ಓದಿಕೊಳ್ಳಬೇಕು. ‘ಬ್ರೊಡೆರಾ’ ಎಂಬುದನ್ನು ನಮ್ಮ ಬಡೋದೆಯ ಬಾಂಧವರು ಯಾವ ಮುಖದಿಂದ ಸ್ವೀಕರಿಸುತ್ತಾರೋ ಕಾಣೆವು.

ವಾನ್ ಟ್ವಿಸ್ಟ್ ಬರೆದುದರಲ್ಲಿ ಮನಸ್ಸನ್ನು ಕಲಕುವುದು ೧೬೩೦–೩೨ರ ಕ್ಷಾಮದ ಭಾಗ. ವಿಕ್ರಮ ಸಂವತ್ ೧೬೮೭ರಲ್ಲಿ ಬಿದ್ದುದರಿಂದ ಗುಜರಾತಿಗಳು ಇದನ್ನು ‘ಸತ್ಯಾಸಿಯೋ’ ಬರ ಎನ್ನುತ್ತಾರೆ. ಮೊದಲ ವರ್ಷ ಮಳೆ ಕೈಕೊಟ್ಟಿತು. ಮರುವರ್ಷ ವಿಪರೀತ ಸುರಿದು ಇದ್ದ ಬೆಳೆಯನ್ನೂ ಕೊಚ್ಚಿಕೊಂಡು ಹೋಯಿತು. ಬೀದಿಯಲ್ಲಿ ಹೆಣಗಳನ್ನು ಎತ್ತುವವರಿಲ್ಲ. ಹೆತ್ತವರೇ ಮಕ್ಕಳನ್ನು ಮಾರಿದರು ಎಂದು ಆ ಕಾಲದ ಬರಹಗಳು ಹೇಳುತ್ತವೆ. ನೇಕಾರರು ಸತ್ತರು ಇಲ್ಲವೆ ಊರು ಬಿಟ್ಟರು. ಹತ್ತಿ ಬೆಳೆಯುತ್ತಿದ್ದ ಹೊಲ ಕಾಳಿಗೆ ತಿರುಗಿತು. ಬಟ್ಟೆ ಸಿಗದ ಕುಂಪಣಿಗಳು ಪೂರ್ವ ಕರಾವಳಿಯ ಕಡೆಗೆ ಮುಖ ಮಾಡಿದವು. ಗುಜರಾತಿನ ಮಗ್ಗಗಳು ಚೇತರಿಸಿಕೊಳ್ಳಲು ಎಷ್ಟೋ ವರ್ಷ ಹಿಡಿಯಿತು. ಆ ನೇಕಾರರಲ್ಲಿ ಒಬ್ಬನಾದರೂ ತನ್ನ ಕಥೆಯನ್ನು ತಾನೇ ಬರೆದಿಟ್ಟಿದ್ದರೆ! ಅವರ ಸಾವನ್ನು ನಾವು ತಿಳಿಯಬೇಕಾದುದು ಬಹುಮಟ್ಟಿಗೆ ದರ್ಬಾರಿನ ಇತಿಹಾಸಕಾರರಿಂದ ಮತ್ತು ಅವರ ಬಟ್ಟೆಯನ್ನು ಕೊಳ್ಳುತ್ತಿದ್ದ ಪರದೇಶಿಗಳಿಂದ.

ಈ ಮನುಷ್ಯನ ಮುಂದಿನ ವರ್ಗಾವಣೆ ನಮ್ಮ ನಾಡಿಗೇ ಸಂಬಂಧಪಟ್ಟದ್ದು. ೧೬೩೭ರಲ್ಲಿ ಕುಂಪಣಿ ಅವನನ್ನು ರಾಯಭಾರಿಯಾಗಿ ಬಿಜಾಪುರಕ್ಕೆ ಕಳುಹಿಸಿತು. ಆಗ ಅಲ್ಲಿ ಆಳುತ್ತಿದ್ದವನು ಗೋಳಗುಮ್ಮಟದ ಮಹಮ್ಮದ್ ಆದಿಲ್ ಷಾ. ಗೋವೆಯ ಬಾಯಿಯನ್ನು ಹಡಗುಗಳಿಂದ ಮುಚ್ಚಿ ಪೋರ್ಚುಗೀಜರನ್ನು ಹಣ್ಣುಮಾಡುವುದು ಡಚ್ಚರ ಹಂಚಿಕೆ. ಅದಕ್ಕೆ ಹತ್ತಿರದಲ್ಲೊಂದು ನೆಲೆ ಬೇಕು, ಮೆಣಸೂ ಬೇಕು. ಸುಲ್ತಾನನಿಂದ ವೆಂಗುರ್ಲೆಯಲ್ಲಿ ಕೋಠಿ ಹೂಡಲು ಅಪ್ಪಣೆ ದೊರೆಯಿತು. ವೆಂಗುರ್ಲೆ ಇಂದು ಮಹಾರಾಷ್ಟ್ರದಲ್ಲಿದ್ದರೂ ಬೆಳಗಾವಿಯವರಿಗೆ ಅದು ಘಟ್ಟದ ಕೆಳಗಿನ ನೆರೆಯೂರೇ. ೧೬೬೦ರ ದಶಕದಲ್ಲಿ ಡಚ್ಚರು ನಮ್ಮ ಕುಂದಾಪುರದ ಬಳಿಯ ಬಸರೂರಿನಲ್ಲಿಯೂ ಕೋಠಿ ತೆರೆದರು. ಅದು ಕೆಳದಿ ನಾಯಕರ ಸೀಮೆ. ಅಕ್ಕಿ, ಮೆಣಸು ಅಲ್ಲಿಯ ಸರಕು. ವಾನ್ ಟ್ವಿಸ್ಟ್ ಮಾತ್ರ ಅಷ್ಟರೊಳಗೆ ಇನ್ನೂ ಮೇಲೇರಿ, ೧೬೪೧ರಲ್ಲಿ ಪೋರ್ಚುಗೀಜರಿಂದ ಕಸಿದುಕೊಂಡ ಮಲಕ್ಕಾಕ್ಕೆ ಮೊದಲನೆಯ ಡಚ್ ಗವರ್ನರನಾಗಿ ಹೋಗಿದ್ದ. ಅಹಮದಾಬಾದು, ಬಿಜಾಪುರ, ಮಲಕ್ಕಾ! ವರ್ಗಾವಣೆಯ ಆಜ್ಞೆ ಬಂದೊಡನೆ ಮನೆಯಾಕೆಯ ಮುಖ ನೋಡಲು ಅಂಜುವ ನಮ್ಮಂಥವರು ಇದನ್ನು ನೆನೆಯಬಹುದು.

ವಿಭಾಗವನ್ನು ದಿನದಿನವೂ ನಡೆಸುತ್ತಿದ್ದವರು ಗುಮಾಸ್ತರು. ಕೆಳಗಿನವನು ಅಸಿಸ್ಟೆಂಟು, ಅವನ ಮೇಲೆ ಲೆಕ್ಕಿಗ, ಕಿರಿಯ ವರ್ತಕ, ವರ್ತಕ, ಹಿರಿಯ ವರ್ತಕ ಎಂದು ಮೆಟ್ಟಿಲುಗಳು. ಸೂರತ್ತಿನಿಂದ ಬಟೇವಿಯಾಕ್ಕೆ ಪತ್ರ, ಬಟೇವಿಯಾದಿಂದ ಹಾಲೆಂಡಿನ ಹದಿನೇಳು ಮಂದಿ ಯಜಮಾನರಿಗೆ ವರದಿ. ಹಡಗು ಮುಳುಗಿದರೆ ಎಂದು ಪ್ರತಿಯ ಮೇಲೆ ಪ್ರತಿ. ಹೀಗೆ ಕುಂಪಣಿ ಬರೆದುಹಾಕಿದುದರಲ್ಲಿ ಉಳಿದಿರುವುದೇ ಸುಮಾರು ಎರಡೂವರೆ ಕೋಟಿ ಪುಟಗಳಂತೆ! ಹೇಗ್, ಜಕಾರ್ತ, ಕೊಲಂಬೊ, ಕೇಪ್‌ಟೌನುಗಳಲ್ಲಿಯೂ ನಮ್ಮ ಚೆನ್ನೈಯ ದಫ್ತರಖಾನೆಯಲ್ಲಿಯೂ ಅವು ಇವೆ. ಯುನೆಸ್ಕೋ ೨೦೦೩ರಲ್ಲಿ ಅವನ್ನು ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು.

ಈ ಗುಮಾಸ್ತರ ಪೈಕಿ ನಮಗೆ ಅತಿ ಮೆಚ್ಚಿನವನು ಯೋಹಾನ್ ಯೋಸುವಾ ಕೆಟೆಲಾರ್. ಹುಟ್ಟಿದ್ದು ಬಾಲ್ಟಿಕ್ ತೀರದ ಎಲ್ಬಿಂಗಿನಲ್ಲಿ, ಪುಸ್ತಕ ಕಟ್ಟುವವನ ಮಗನಾಗಿ. ೧೬೮೩ರ ಹೊತ್ತಿಗೆ ಗುಮಾಸ್ತನಾಗಿ ಸೂರತ್ತು ಸೇರಿದ ಈತ ಪೇಟೆಯ ಮಾತನ್ನು ಕಿವಿಗೊಟ್ಟು ಕಲಿತು, ಹಿಂದೂಸ್ತಾನಿಗೆ ಡಚ್ ಭಾಷೆಯಲ್ಲಿ ಒಂದು ವ್ಯಾಕರಣ ಬರೆದ. ಅದರ ೧೬೯೮ರ ಹಸ್ತಪ್ರತಿ ಉಳಿದಿದೆ; ಆ ಭಾಷೆಗೆ ನಮಗೆ ದೊರೆತಿರುವ ಅತಿ ಹಳೆಯ ವ್ಯಾಕರಣಗಳಲ್ಲಿ ಅದೊಂದು. ೧೭೪೩ರಲ್ಲಿ ಅದು ಲ್ಯಾಟಿನ್ನಿನಲ್ಲಿ ಅಚ್ಚಾಯಿತು. ಹೊಟ್ಟೆಪಾಡಿಗೆ ಪರನಾಡಿಗೆ ಬಂದವನು ಅಲ್ಲಿಯ ಮಾತಿಗೆ ಇಷ್ಟು ಸೇವೆ ಮಾಡುವುದು ಸಾಮಾನ್ಯವೇ? ಹತ್ತು ವರ್ಷವಾದರೂ ‘ಕೇಮ್ ಛೋ, ಮಜಾಮಾ’ ದಾಟದ ಕೆಲವು ಮಿತ್ರರನ್ನು ನಾವು ಬಲ್ಲೆವು. ಅವರ ಮಕ್ಕಳೇನೋ ಗುಜರಾತಿಯಲ್ಲಿ ಜಗಳವನ್ನೂ ಆಡಬಲ್ಲರು. ಕೆಟೆಲಾರ್ ಮುಂದೆ ಸೂರತ್ತಿನ ಡೈರೆಕ್ಟರೇ ಆಗಿ, ಸನ್ನದು ಕೇಳಲು ಲಾಹೋರಿನಲ್ಲಿದ್ದ ಬಹಾದೂರ್ ಷಾನ ದರ್ಬಾರಿಗೆ ಹೋದ. ಅರ್ಜಿ ನಡೆಯುತ್ತಿರುವಾಗಲೇ, ೧೭೧೨ರಲ್ಲಿ, ಬಾದಶಹ ತೀರಿಕೊಂಡ. ಮಕ್ಕಳ ಕಾಳಗ ಮುಗಿದು ಜಹಾಂದಾರ್ ಷಾ ಪಟ್ಟಕ್ಕೆ ಬರುವವರೆಗೆ ಕಾದು, ಅರ್ಜಿಯನ್ನು ಹೊಸದಾಗಿ ಸಲ್ಲಿಸಿ ಸನ್ನದು ಪಡೆದ. ಮರುವರ್ಷ ಜಹಾಂದಾರ್ ಷಾನೂ ಹತನಾದ! ಕೆಟೆಲಾರ್ ೧೭೧೮ರಲ್ಲಿ ಪರ್ಶಿಯಾದ ರಾಯಭಾರದಲ್ಲಿದ್ದಾಗ ಕಣ್ಮುಚ್ಚಿದ.

ಸಂಬಳ ಸಾಲದೆ ನೌಕರರು ತಮ್ಮ ಸ್ವಂತ ವ್ಯಾಪಾರವನ್ನು ಗುಟ್ಟಾಗಿ ನಡೆಸುವುದು ಕುಂಪಣಿಯ ಹಳೆಯ ರೋಗ. ಅದನ್ನು ತನಿಖೆ ಮಾಡಲು ೧೬೮೪ರಲ್ಲಿ ನೇಮಕವಾದವನು ಹೆಂಡ್ರಿಕ್ ವಾನ್ ರೇಡೆ. ಈತನೇ ಕೊಚ್ಚಿಯಲ್ಲಿದ್ದಾಗ ಮಲಬಾರಿನ ಗಿಡಮೂಲಿಕೆಗಳನ್ನು ಕುರಿತ ‘ಹೊರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥಕ್ಕೆ ಕೈಹಚ್ಚಿದವನು. ಅದಕ್ಕೆ ನೆರವಾದವರು ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ. ಕೆನರಾ ಕರಾವಳಿಯ ನಮ್ಮ ಕೊಂಕಣಿ ಬಾಂಧವರು ಹೆಮ್ಮೆಪಡಬೇಕಾದ ವಿಷಯವಿದು. ಅವರು ನಾಗರಿಯಲ್ಲಿ ಬರೆದುಕೊಟ್ಟ ಪತ್ರವೂ ಆ ಗ್ರಂಥದಲ್ಲಿ ಅಚ್ಚಾಗಿದೆ. ಬಂಗಾಳ, ಕೋರಮಂಡಲ, ಸಿಂಹಳ, ಮಲಬಾರಗಳ ಲೆಕ್ಕ ನೋಡಿ ಕೊನೆಗೆ ಸೂರತ್ತಿನ ಲೆಕ್ಕ ನೋಡಲು ಹಡಗು ಹತ್ತಿದ ವಾನ್ ರೇಡೆ ೧೬೯೧ರ ಡಿಸೆಂಬರಿನಲ್ಲಿ ಮುಂಬಯಿಯ ಹತ್ತಿರ ಹಡಗಿನಲ್ಲಿಯೇ ಅಸುನೀಗಿದ. ಸೂರತ್ತಿನ ಕೋಠಿಯವರು ಅವನನ್ನು ತಮ್ಮ ಊರಿನಲ್ಲಿ ಸಮಾಧಿ ಮಾಡಿ, ಇಂಗ್ಲಿಷರ ಆಕ್ಸೆಂಡನ್ ಸೋದರರ ಗೋರಿಯನ್ನು ಮೀರಿಸುವಂತೆ ಎರಡಂತಸ್ತಿನ ಗುಮ್ಮಟದ ಭವನವನ್ನೇ ಕಟ್ಟಿದರು. ಕಛೇರಿ ಮುಟ್ಟುವ ಮೊದಲೇ ತೀರಿಕೊಂಡ ಆಡಿಟ್ ಅಧಿಕಾರಿಗೆ ಸಿಬ್ಬಂದಿ ಇಷ್ಟು ಗೌರವ ತೋರಿದ ಉದಾಹರಣೆ ಬೇರೆ ಇರಲಾರದು.

ಮಿಕ್ಕುದು ಇಳಿಗಾಲದ ಕಥೆ. ೧೬೬೪ರ ಜನವರಿಯಲ್ಲಿ ಶಿವಾಜಿ ಸೂರತ್ತನ್ನು ಸೂರೆಮಾಡಿದಾಗ ಡಚ್ಚರೂ ಇಂಗ್ಲಿಷರೂ ಕೋಠಿಯ ಬಾಗಿಲು ಭದ್ರಪಡಿಸಿಕೊಂಡು ಪಾರಾಗಿದ್ದರು. ಆದರೆ ಹದಿನೆಂಟನೆಯ ಶತಮಾನದಲ್ಲಿ ಮೊಗಲರ ಬಲ ಕುಗ್ಗಿ ಮರಾಠರ ದಂಡು ಗುಜರಾತನ್ನು ತುಳಿಯತೊಡಗಿದ ಮೇಲೆ ದಾರಿಗಳು ಕೆಟ್ಟವು, ಒಳನಾಡಿನ ಕೋಠಿಗಳು ಒಂದೊಂದಾಗಿ ಮುಚ್ಚಿದವು. ೧೭೫೯ರಲ್ಲಿ ಇಂಗ್ಲಿಷರು ಸೂರತ್ತಿನ ಕೋಟೆಯನ್ನೇ ಹಿಡಿದರು. ಅಂದಿನಿಂದ ಡಚ್ ಡೈರೆಕ್ಟರ್ ಅವರ ಮುಖ ನೋಡಿಕೊಂಡು ಬಾಳಬೇಕಾಯಿತು. ೧೭೯೫ರಲ್ಲಿ ಕೋಠಿಯೂ ಅವರ ವಶವಾಯಿತು. ೧೭೯೯ರ ಕೊನೆಯ ದಿನ, ಸಾಲದಲ್ಲಿ ಮುಳುಗಿದ್ದ ಕುಂಪಣಿ ತಾನೇ ಇಲ್ಲವಾಯಿತು. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಸೂರತ್ತಿನ ಕೋಠಿ ಡಚ್ ಸರಕಾರಕ್ಕೆ ಹಿಂದಿರುಗಿತಾದರೂ ಅಲ್ಲಿ ಮಾಡುವ ಕೆಲಸವೇನೂ ಉಳಿದಿರಲಿಲ್ಲ. ೧೮೨೪ರ ಮಾರ್ಚ್ ೧೭ರಂದು ಲಂಡನ್ನಿನಲ್ಲಾದ ಒಪ್ಪಂದದ ಪ್ರಕಾರ ಹಾಲೆಂಡು ಭಾರತದಲ್ಲಿದ್ದ ತನ್ನ ಠಾಣ್ಯಗಳನ್ನೆಲ್ಲ ಇಂಗ್ಲಿಷರಿಗೆ ಬಿಟ್ಟುಕೊಟ್ಟು, ಸುಮಾತ್ರಾದ ಬೆಂಕುಲೆನ್ನನ್ನು ಪಡೆಯಿತು. ಮರುವರ್ಷ ಸೂರತ್ತಿನ ಬೀಗದ ಕೈ ಬದಲಾಯಿತು.

ಸೀರೆ ಕೊಳ್ಳಲು ಸೂರತ್ತಿಗೆ ಹೋಗುವ ನಮ್ಮ ಸೋದರಿಯರು ಒಂದು ಗಂಟೆ ಬಿಡುವು ಮಾಡಿಕೊಂಡರೆ ಕತಾರ್ಗಾಮಿನ ಕಡೆ ವಾನ್ ರೇಡೆಯ ಗೋರಿಯನ್ನು ನೋಡಬಹುದು. ಇಂಗ್ಲಿಷರ ಗೋರಿಗಳೂ ಸಮೀಪದಲ್ಲೇ ಇವೆ. ನಾನಪುರಾದ ಉದ್ಯಾನಕ್ಕೆ ಇಂದಿಗೂ ಡಚ್ ಗಾರ್ಡನ್ ಎಂದೇ ಹೆಸರು. ಅಹಮದಾಬಾದಿನವರು ಅಷ್ಟು ದೂರ ಹೋಗಬೇಕಾಗಿಲ್ಲ. ಕಂಕರಿಯಾ ಕೆರೆಯ ದಂಡೆಯಲ್ಲಿ ಹದಿನೇಳನೆಯ ಶತಮಾನದ ಡಚ್ ಗೋರಿಗಳಿವೆ. ಭರೂಚಿನಲ್ಲಿಯೂ ಇವೆ. ಬಡೋದೆಯವರು ರೈಲಿನಲ್ಲಿ ಸೂರತ್ತಿಗೆ ಹೋಗುವಾಗ ಅಲ್ಲಿಳಿದು ನೋಡಿಕೊಂಡು ಮುಂದಿನ ಗಾಡಿ ಹಿಡಿಯಬಹುದು. ಮಕ್ಕಳನ್ನು ಕರೆದೊಯ್ಯುವವರು ಬಿಸಿಲು ಏರುವ ಮುಂಚೆ ಹೋಗುವುದು ಒಳ್ಳೆಯದು.