ರದ್ದಾದ ಬಿಲ್ಲಿಗೊಂದು ನಕ್ಷತ್ರ

"ನಮ್ಮ ಲೇತ್ ಮೂವತ್ತು ವರ್ಷದಿಂದ ಓಡ್ತಿದೆ. ಈ ಬಿಲ್ಲಿಂಗ್ ಸಾಫ್ಟ್‌ವೇರ್ ಯಾಕೆ ಸ್ವಾಮಿ ಸವೆದುಹೋಯ್ತು?" ರಾಜಾಜಿನಗರದಲ್ಲಿ ವರ್ಕ್‌ಶಾಪ್ ಇಟ್ಟಿರುವ ಓದುಗರೊಬ್ಬರ ಪ್ರಶ್ನೆ. ಯಾವ ಜಾಬ್‌ಗೆ ಯಾವ ಮೆಷಿನ್ ಎಷ್ಟು ಹೊತ್ತು ಓಡಿತೆಂದು ಬರೆದಿಟ್ಟುಕೊಂಡು, ಗಂಟೆ ಲೆಕ್ಕದಲ್ಲಿ ಬಿಲ್ಲು ಹಾಕುವ ಡಾಸ್ ಕಾಲದ ಫಾಕ್ಸ್‌ಪ್ರೊ ಪ್ರೋಗ್ರಾಂ ಅವರದು. ಹೊಸ ಕಂಪ್ಯೂಟರ್ ಅದನ್ನು ಮೂಸಿಯೂ ನೋಡುತ್ತಿಲ್ಲ. ಸಿಪಿಯುಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟದ್ದೂ ಆಯಿತಂತೆ. ಆಯುಧಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಆದರೆ ದೃಷ್ಟಿ ತೆಗೆಯುವ ಮೊದಲು ಬ್ಯಾಕಪ್ ತೆಗೆಯಬಾರದೇ?

ಸವೆಯುವುದು ಲೇತಿನ ಬೆಡ್ಡು, ಸಾಫ್ಟ್‌ವೇರ್ ಅಲ್ಲ. ಫಾಕ್ಸ್‌ಪ್ರೊದ ನಂತರದ ಅವತಾರವಾದ ವಿಷುಯಲ್ ಫಾಕ್ಸ್‌ಪ್ರೊಗೇ ಮೈಕ್ರೋಸಾಫ್ಟ್ ಬೆಂಬಲ 2015ರ ಜನವರಿಯಲ್ಲೇ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಹಾಗೆಂದು ಮರುದಿನ ಯಾವ ಪ್ರೋಗ್ರಾಮೂ ಸಾಯುವುದಿಲ್ಲ. 32 ಬಿಟ್‌ನ ವಿಂಡೋಸ್ 10ರಲ್ಲಿ ಡಾಸ್ ಪ್ರೋಗ್ರಾಂಗಳಿಗೆಂದೇ ಹಿತ್ತಲಲ್ಲೊಂದು ಕೋಣೆಯಿತ್ತು. 64 ಬಿಟ್‌ನಲ್ಲಷ್ಟೇ ಬರುವ ವಿಂಡೋಸ್ 11ರಲ್ಲಿ ಅದಿಲ್ಲ. ಸದ್ಯಕ್ಕೆ ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿಕೊಂಡರೆ ಹಳೆಯದು ಓಡೀತು. ಹೊಸದನ್ನು ಕೊಳ್ಳುವಾಗ ಮಾತ್ರ ಬೆಲೆಗಿಂತ ಮೊದಲು ಕೇಳಿ: "ನಾಳೆ ನಿಮ್ಮನ್ನು ಬಿಟ್ಟರೆ ನನ್ನ ಲೆಕ್ಕವನ್ನು ಯಾವ ರೂಪದಲ್ಲಿ ವಾಪಸ್ ಕೊಡ್ತೀರಿ?"

ಅದಿರಲಿ. ನನ್ನನ್ನು ಒಂದಿಡೀ ಭಾನುವಾರ ಹಿಡಿದು ಕೂರಿಸಿದ್ದು ಅವರು ಕಳಿಸಿದ, ಬಿಲ್ಲುಗಳೆಲ್ಲ ಕೂತಿರುವ ಡಿಬಿಎಫ್ ಫೈಲು. ಈ ವಿನ್ಯಾಸ ಡಿಬೇಸ್ ಎಂಬ ಹಳೆಯ ಡೇಟಾಬೇಸ್ ಪ್ರೋಗ್ರಾಂನ ವಂಶದ್ದು; ಅದರ ಮೂಲಪುರುಷನನ್ನು ಅಮೆರಿಕದ ವೇಯ್ನ್ ರಾಟ್ಲಿಫ್ ಬರೆಯತೊಡಗಿದ್ದು ಆಫೀಸಿನ ಫುಟ್‌ಬಾಲ್ ಬೆಟ್ಟಿಂಗ್ ಗೆಲ್ಲಲು! ಫೈಲಿನ ಮೊದಲ 32 ಬೈಟ್‌ಗಳಲ್ಲಿ ಕೊನೆಯ ಬಾರಿ ಬದಲಾದ ದಿನ, ಒಟ್ಟು ಎಷ್ಟು ದಾಖಲೆಗಳು ಎಂಬ ವಿವರ. ಆಮೇಲೆ ಒಂದೊಂದು ಕಾಲಮ್ಮಿಗೂ 32 ಬೈಟ್‌ಗಳ ಪರಿಚಯ: ಹೆಸರೇನು, ಅಂಕಿಯೋ ಅಕ್ಷರವೋ, ಅಗಲವೆಷ್ಟು. ಮುಂದೆಲ್ಲ ಒಂದೇ ಅಳತೆಯ ಸಾಲುಗಳು, ದಿನಾಂಕ 20050401 ಎಂಬಂತೆ ಎಂಟು ಅಕ್ಷರ. ಬರೆದ ಪ್ರೋಗ್ರಾಂ ಇಲ್ಲದೆಯೂ ಓದಿಸಿಕೊಳ್ಳುತ್ತದೆ. ಲಿಬ್ರೆಆಫೀಸ್ ಕೂಡ ತೆರೆಯುತ್ತದೆ. ನಕಲು ಮಾಡಿಟ್ಟುಕೊಂಡೇ ತೆರೆಯಿರಿ.

ನಿಜವಾದ ಸ್ವಾರಸ್ಯ ಪ್ರತಿ ಸಾಲಿನ ಮೊದಲ ಬೈಟಿನಲ್ಲಿದೆ. ಸಾಮಾನ್ಯವಾಗಿ ಅದು ಖಾಲಿ. ಬಿಲ್ಲನ್ನು ಅಳಿಸಿದಿರೋ, ಅಲ್ಲೊಂದು ನಕ್ಷತ್ರ ಚಿಹ್ನೆ ಬೀಳುತ್ತದೆ. ಅಷ್ಟೇ! 'ಪ್ಯಾಕ್' ಎಂಬ ಆಜ್ಞೆ ಕೊಡುವವರೆಗೆ, ಖಾತೆ ಪುಸ್ತಕದಲ್ಲಿ ಗೆರೆ ಎಳೆದ ಬಾಬ್ತಿನಂತೆ ಇಡೀ ಸಾಲು ಅಲ್ಲೇ ಬಿದ್ದಿರುತ್ತದೆ.

ಹಾಗೆ ಸಿಕ್ಕಿದ್ದು ಆರೂವರೆ ಗಂಟೆ ಮಿಲ್ಲಿಂಗ್‌ನ ಬಿಲ್ಲು, ನಕ್ಷತ್ರದ ಸಮೇತ. ಫೋನ್ ಮಾಡಿ ವಿಚಾರಿಸಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಲೇತಿನ ಸದ್ದಷ್ಟೇ ಕೇಳಿತು.

"ಅದು ನಮ್ಮ ಭಾವಮೈದುನನ ಕೆಲಸ ಸಾರ್. ಮನೆಯವಳು ಹೇಳಿದ್ಲು, ಅಳಿಸಿದ್ದೆ."